ಮದುವೆಯ ತಟ್ಟೆಯಲ್ಲಿ ನಾಲ್ಕು ಅಣುಗಳು
ನಮ್ಮ ದೇಹ ಯಾವುದರಿಂದ ಕಟ್ಟಲ್ಪಟ್ಟಿದೆ? ತಿಳಿದರೆ ಮನೆಯವರ ಆರೋಗ್ಯಕ್ಕೇನು ಲಾಭ?

ಮದುವೆ ಮನೆಯ ಊಟಕ್ಕೆ ಕುಳಿತಿದ್ದೀರಿ. ಮುಂದೆ ಬಿರಿಯಾನಿ, ಪಕ್ಕದಲ್ಲಿ ದಾಲ್ಚಾ, ಒಂದು ಬೇಯಿಸಿದ ಮೊಟ್ಟೆ, ಮೊಸರು ಬೆರೆಸಿದ ಈರುಳ್ಳಿ, ಕೊನೆಗೆ ಸ್ವಲ್ಪ ಸಿಹಿ. ಬಡಿಸುವವರು ಬಂದಾಗ ಒಬ್ಬ ಹಿರಿಯರು, "ನನಗೆ ಶುಗರ್ ಇದೆ, ಅನ್ನ ಸಾಕು" ಎನ್ನುತ್ತಾರೆ. ಅವರ ಪಕ್ಕದವರು, "ಡಾಕ್ಟರು ಕೊಲೆಸ್ಟ್ರಾಲ್ ಅಂದಿದ್ದಾರೆ, ತುಪ್ಪ ಇರುವ ಮೇಲಿನ ಅನ್ನ ಬೇಡ" ಎನ್ನುತ್ತಾರೆ. ಇನ್ನೊಬ್ಬರು ಕಾಲಿನ ಹೆಬ್ಬೆರಳು ತೋರಿಸಿ, "ಯೂರಿಕ್ ಆಸಿಡ್ ಜಾಸ್ತಿ, ಮಾಂಸ ಹಾಕಬೇಡಿ" ಎಂದು ಕೈ ಅಡ್ಡ ಹಿಡಿಯುತ್ತಾರೆ.

ಈ ಮೂವರೂ ತಮಗೆ ಗೊತ್ತಿಲ್ಲದೆಯೇ ಜೀವಶಾಸ್ತ್ರದ ಮಾತಾಡುತ್ತಿದ್ದಾರೆ. ಅವರು ಹೇಳುತ್ತಿರುವುದು ಮೂರು ಬೇರೆ ಬೇರೆ ಜೈವಿಕ ಅಣುಗಳ ಕಥೆ. ನಾಲ್ಕನೆಯದೊಂದು ಸಂಗತಿ ಇದೆ. ಅದು ವೇದಿಕೆಯ ಮೇಲೆ ಕುಳಿತಿರುವ ವಧೂವರರ ರಕ್ತಕ್ಕೆ ಸಂಬಂಧಿಸಿದ್ದು. ಅದರ ಬಗ್ಗೆ ಮಾತ್ರ ಸಾಮಾನ್ಯವಾಗಿ ಯಾರೂ ಕೇಳುವುದಿಲ್ಲ. ಅದನ್ನು ಕೊನೆಯಲ್ಲಿ ನೋಡೋಣ.

ಇರುವೆಯಿಂದ ಆನೆಯವರೆಗೆ, ಪಾಚಿಯಿಂದ ಮಾನವನವರೆಗೆ ಎಲ್ಲ ಜೀವಿಗಳ ದೇಹವೂ ಮುಖ್ಯವಾಗಿ ನಾಲ್ಕು ಬಗೆಯ ಅಣುಗಳಿಂದ ಆಗಿದೆ: ಶರ್ಕರಪಿಷ್ಟ ಅಂದರೆ ಕಾರ್ಬೋಹೈಡ್ರೇಟ್, ಪ್ರೋಟೀನ್, ಕೊಬ್ಬು ಅಥವಾ ಲಿಪಿಡ್, ಮತ್ತು ನ್ಯೂಕ್ಲಿಯಿಕ್ ಆಮ್ಲ. ವಯಸ್ಕರ ದೇಹದ ತೂಕದಲ್ಲಿ ಸುಮಾರು ಶೇ. 60 ನೀರು. ಈ ಅಣುಗಳ ಕೆಲಸವೆಲ್ಲ ಆ ನೀರಿನ ನಡುವೆಯೇ ನಡೆಯುತ್ತದೆ. ಕಚ್ಚಾ ವಸ್ತುಗಳ ಪಟ್ಟಿಯೂ ಚಿಕ್ಕದು. ಆಮ್ಲಜನಕ, ಇಂಗಾಲ, ಜಲಜನಕ ಮತ್ತು ಸಾರಜನಕ ಎಂಬ ನಾಲ್ಕೇ ಮೂಲವಸ್ತುಗಳು ನಮ್ಮ ದೇಹದ ತೂಕದ ಸುಮಾರು ಶೇ. 96 ಭಾಗವಾಗಿವೆ. ಇಷ್ಟು ಸರಳ ವಸ್ತುಗಳಿಂದ ನೋಡುವ ಕಣ್ಣು, ಯೋಚಿಸುವ ಮೆದುಳು, ಬಡಿಯುವ ಹೃದಯ ರೂಪುಗೊಂಡಿರುವುದನ್ನು ಯೋಚಿಸಿದಾಗ ಸೃಷ್ಟಿಕರ್ತನ ಯೋಜನೆಯ ಮುಂದೆ ತಲೆ ಬಾಗುತ್ತದೆ.

ಶರ್ಕರಪಿಷ್ಟ: ದೇಹದ ಉರುವಲು

ಒಂದು ತುತ್ತು ಬಿಳಿ ಅನ್ನವನ್ನು ನುಂಗದೆ ಎರಡು ನಿಮಿಷ ಅಗಿದು ನೋಡಿ. ನಿಧಾನವಾಗಿ ಸಿಹಿಯಾಗುತ್ತದೆ. ಅನ್ನದಲ್ಲಿರುವ ಪಿಷ್ಟವು ಗ್ಲೂಕೋಸ್ ಎಂಬ ಸಕ್ಕರೆಯ ನೂರಾರು, ಸಾವಿರಾರು ಕೊಂಡಿಗಳ ಸರಪಳಿ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವವು ಈ ಸರಪಳಿಯನ್ನು ಕತ್ತರಿಸತೊಡಗುತ್ತದೆ. ಉಳಿದ ಕೆಲಸ ಕರುಳಿನಲ್ಲಿ ಮುಗಿಯುತ್ತದೆ. ಅಕ್ಕಿ, ಗೋಧಿ, ರಾಗಿ, ಆಲೂಗಡ್ಡೆ ಎಲ್ಲವೂ ಕೊನೆಗೆ ಗ್ಲೂಕೋಸ್ ಆಗಿಯೇ ರಕ್ತ ಸೇರುತ್ತವೆ. "ನಾನು ಸಿಹಿ ಮುಟ್ಟುವುದೇ ಇಲ್ಲ, ಆದರೂ ಶುಗರ್ ಏಕೆ ಏರುತ್ತದೆ?" ಎಂದು ಕೇಳುವವರಿಗೆ ಉತ್ತರ ಇಲ್ಲಿದೆ. ತಟ್ಟೆ ತುಂಬ ತಿಂದ ಅನ್ನವೂ ಸಕ್ಕರೆಯೇ.

ಆರೋಗ್ಯವಂತ ವ್ಯಕ್ತಿಯ ಐದು ಲೀಟರ್ ರಕ್ತದಲ್ಲಿ ಹಸಿದ ಹೊತ್ತಿಗೆ ಇರುವ ಒಟ್ಟು ಗ್ಲೂಕೋಸ್ ಸುಮಾರು 5 ಗ್ರಾಂ, ಅಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ. ಒಂದು ತಟ್ಟೆ ಅನ್ನದಿಂದ ಇದರ ಹತ್ತು ಪಟ್ಟು ಬರಬಹುದು. ಆದರೂ ರಕ್ತದ ಸಕ್ಕರೆ ಮಿತಿ ಮೀರುವುದಿಲ್ಲ. ಮೇದೋಜೀರಕ ಗ್ರಂಥಿ ಇನ್ಸುಲಿನ್ ಬಿಡುಗಡೆ ಮಾಡಿ ಹೆಚ್ಚುವರಿ ಗ್ಲೂಕೋಸನ್ನು ಜೀವಕೋಶಗಳೊಳಗೆ ಕಳುಹಿಸುತ್ತದೆ. ಒಂದಷ್ಟು ಗ್ಲೂಕೋಸ್ ಗ್ಲೈಕೋಜನ್ ರೂಪದಲ್ಲಿ ಲಿವರಿನಲ್ಲಿ ಮತ್ತು ಸ್ನಾಯುಗಳಲ್ಲಿ ದಾಸ್ತಾನಾಗುತ್ತದೆ. ಲಿವರಿನ ದಾಸ್ತಾನು ಸುಮಾರು 100 ಗ್ರಾಂ.

ರಮಝಾನ್ ಉಪವಾಸದಲ್ಲಿ ನಮ್ಮನ್ನು ನಡೆಸುವುದು ಇದೇ ದಾಸ್ತಾನು. ಸಹ್ರಿಯ ನಂತರದ ಕೆಲವು ಗಂಟೆ ಊಟದ ಗ್ಲೂಕೋಸ್ ಸಾಕಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಲಿವರ್ ತನ್ನ ಗ್ಲೈಕೋಜನ್ ಕರಗಿಸಿ ಕೊಡುತ್ತದೆ. ಅದು ಕಡಿಮೆಯಾಗುತ್ತ ಬಂದಂತೆ ದೇಹ ಕೊಬ್ಬಿನ ಕಡೆಗೆ ತಿರುಗುತ್ತದೆ. ಮಗ್ರಿಬ್ ಹೊತ್ತಿಗೆ ಖರ್ಜೂರದಿಂದ ಉಪವಾಸ ತೊರೆಯುವುದು ಪ್ರವಾದಿವರ್ಯರ(ಸ) ಚರ್ಯೆ. ಖರ್ಜೂರದ ಸಕ್ಕರೆಯಲ್ಲಿ ಹೆಚ್ಚಿನದು ಸರಳ ರೂಪದ ಗ್ಲೂಕೋಸ್ ಮತ್ತು ಫ್ರಕ್ಟೋಸ್. ಅದನ್ನು ಕತ್ತರಿಸುವ ಶ್ರಮ ಕರುಳಿಗಿಲ್ಲ, ಹಾಗಾಗಿ ಚೈತನ್ಯ ಬೇಗ ಬರುತ್ತದೆ. ಮಧುಮೇಹಿಗಳಿಗೆ ಒಂದೆರಡು ಖರ್ಜೂರ ಸಾಕು. ಜೊತೆಗೆ ಶರ್ಬತ್ತು ಬೇಡ, ನೀರು ಇರಲಿ.

ಮಧುಮೇಹಿಗಳ ಮನೆಯವರು ಇನ್ನೊಂದು ಮಾತನ್ನು ನೆನಪಿಡಬೇಕು. ಉಪವಾಸ ಹಿಡಿಯಬಹುದೇ, ಮಾತ್ರೆ ಅಥವಾ ಇನ್ಸುಲಿನ್ ಪ್ರಮಾಣ ಹೇಗಿರಬೇಕು ಎಂಬುದನ್ನು ರಮಝಾನ್‌ಗೆ ಆರರಿಂದ ಎಂಟು ವಾರ ಮೊದಲೇ ವೈದ್ಯರಲ್ಲಿ ಕೇಳಿ. ಉಪವಾಸದಲ್ಲಿ ರಕ್ತದ ಸಕ್ಕರೆ 70 ಮಿಲಿಗ್ರಾಂಗಿಂತ ಕೆಳಗಿಳಿದರೆ ಅಥವಾ 300ಕ್ಕಿಂತ ಮೇಲೇರಿದರೆ ಉಪವಾಸ ಮುರಿಯಬೇಕೆಂಬುದು ವೈದ್ಯರ ಸ್ಪಷ್ಟ ಸಲಹೆ. ನಡುಕ, ಬೆವರು, ಕಣ್ಣು ಮಂಜಾಗುವುದು ಸಕ್ಕರೆ ಇಳಿದ ಲಕ್ಷಣಗಳು. "ಮಗ್ರಿಬ್‌ಗೆ ಇನ್ನು ಅರ್ಧ ಗಂಟೆ, ತಡೆದುಕೊಳ್ಳುತ್ತೇನೆ" ಎನ್ನುವುದು ಅಪಾಯ. ರೋಗಿಗೆ ರಿಯಾಯಿತಿ ಕೊಟ್ಟವನು ಅಲ್ಲಾಹನೇ. ಆ ರಿಯಾಯಿತಿಯನ್ನು ಸ್ವೀಕರಿಸುವುದು ದೌರ್ಬಲ್ಯವಲ್ಲ.

ಗ್ಲೂಕೋಸ್ ಕೊಂಡಿಗಳನ್ನು ಬೇರೆ ರೀತಿಯಲ್ಲಿ ಜೋಡಿಸಿದರೆ ಸೆಲ್ಯುಲೋಸ್ ಆಗುತ್ತದೆ. ಹುಲ್ಲು, ಸೊಪ್ಪು, ಹತ್ತಿ, ಮರ ಎಲ್ಲದರಲ್ಲೂ ಇದೆ. ಇದನ್ನು ಕತ್ತರಿಸುವ ಕಿಣ್ವ ನಮ್ಮಲ್ಲಿಲ್ಲ. ಹಸು, ಆಡುಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಆ ಕೆಲಸ ಮಾಡುತ್ತವೆ. ನಮಗೆ ಅದು ಜೀರ್ಣವಾಗದ ನಾರು. ಆದರೆ ಮಲಬದ್ಧತೆಯನ್ನು ತಡೆಯುವುದೂ, ಸಕ್ಕರೆ ರಕ್ತಕ್ಕೆ ನಿಧಾನವಾಗಿ ಇಳಿಯುವಂತೆ ಮಾಡುವುದೂ ನಾರಿನ ಅಂಶವೇ. ನಮ್ಮ ಔತಣಗಳಲ್ಲಿ ಸೊಪ್ಪು ತರಕಾರಿಗೆ ಜಾಗ ಕಡಿಮೆ ಎಂಬುದನ್ನು ಒಪ್ಪಿಕೊಳ್ಳಬೇಕು.

ಪ್ರೋಟೀನ್: ಕೆಲಸಗಾರ ಅಣು

ದೇಹದಲ್ಲಿ ಹೆಚ್ಚಿನ ಕೆಲಸ ಮಾಡುವುದು ಪ್ರೋಟೀನ್. ಆಹಾರ ಜೀರ್ಣಿಸುವ ಕಿಣ್ವಗಳು, ರೋಗದೊಡನೆ ಹೋರಾಡುವ ಪ್ರತಿಕಾಯಗಳು, ಸ್ನಾಯು, ಕೂದಲು, ಉಗುರು, ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಎಲ್ಲವೂ ಪ್ರೋಟೀನುಗಳೇ. ಇಪ್ಪತ್ತು ಬಗೆಯ ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿ ಇವು ತಯಾರಾಗುತ್ತವೆ. ಮಣಿಗಳ ಕ್ರಮ ಬದಲಾದರೆ ಸರದ ಮಡಿಕೆ ಬದಲಾಗುತ್ತದೆ, ಮಡಿಕೆ ಬದಲಾದರೆ ಕೆಲಸವೂ ಬದಲಾಗುತ್ತದೆ. ಮೊಟ್ಟೆಯನ್ನು ಬೇಯಿಸಿದಾಗ ಪಾರದರ್ಶಕ ಲೋಳೆ ಬಿಳಿಯಾಗಿ ಗಟ್ಟಿಯಾಗುವುದು ಈ ಮಡಿಕೆ ಬಿಚ್ಚಿ ಹೋಗುವುದರಿಂದಲೇ. ಅದನ್ನು ಮತ್ತೆ ಹಸಿ ಮೊಟ್ಟೆ ಮಾಡಲಾಗದು. ವಿಪರೀತ ಜ್ವರ ದೇಹಕ್ಕೆ ಅಪಾಯವಾಗುವುದಕ್ಕೆ ಇದೂ ಒಂದು ಕಾರಣ.

ಇಪ್ಪತ್ತರಲ್ಲಿ ಒಂಬತ್ತು ಅಮೈನೋ ಆಮ್ಲಗಳನ್ನು ನಮ್ಮ ದೇಹ ತಯಾರಿಸಲಾರದು, ಆಹಾರದಿಂದಲೇ ಬರಬೇಕು. ಮೊಟ್ಟೆ, ಹಾಲು, ಮೀನು, ಮಾಂಸದಲ್ಲಿ ಒಂಬತ್ತೂ ಸಮರ್ಪಕವಾಗಿವೆ. ಅಕ್ಕಿಯಲ್ಲಿ ಲೈಸಿನ್ ಕಡಿಮೆ, ಬೇಳೆಯಲ್ಲಿ ಮೆಥಿಯೋನಿನ್ ಕಡಿಮೆ. ಎರಡನ್ನೂ ಸೇರಿಸಿ ತಿಂದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ದಾಲ್ಚಾ ಮತ್ತು ಅನ್ನ, ಗೋಧಿ-ಬೇಳೆ-ಮಾಂಸ ಸೇರಿದ ಹಲೀಮ್ ಇವೆಲ್ಲ ನಮ್ಮ ಹಿರಿಯರು ಅನುಭವದಿಂದ ಕಂಡುಕೊಂಡ ಒಳ್ಳೆಯ ಜೋಡಿಗಳು. ದಿನವೂ ಮಾಂಸ ತರಲಾಗದ ಮನೆಯವರು ಇದಕ್ಕಾಗಿ ಕೊರಗಬೇಕಾಗಿಲ್ಲ.

ವಯಸ್ಕರಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 0.83 ಗ್ರಾಂ ಪ್ರೋಟೀನ್ ಬೇಕು. ಅಂದರೆ 60 ಕಿಲೋ ತೂಕದವರಿಗೆ 50 ಗ್ರಾಂ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ, ಒಂದು ಲೋಟ ಹಾಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಇನ್ನೂ ಹೆಚ್ಚು ಬೇಕು. ಆದರೆ ಅನೇಕ ಮನೆಗಳಲ್ಲಿ ನಡೆಯುವುದೇನು? ಗಂಡಸರು, ಮಕ್ಕಳು ಉಂಡಾದ ಮೇಲೆ ಪಾತ್ರೆಯ ತಳದಲ್ಲಿ ಉಳಿದ ಸಾರು ಮತ್ತು ಅನ್ನ ಮನೆಯಾಕೆಯ ಪಾಲು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಹಿಮೋಗ್ಲೋಬಿನ್ ತಯಾರಾಗಲು ಪ್ರೋಟೀನ್ ಬೇಕು, ಕಬ್ಬಿಣದ ಅಂಶವೂ ಬೇಕು. ಆದ್ದರಿಂದ ಬಡಿಸುವ ಮೊದಲೇ ಎಲ್ಲರ ಪಾಲನ್ನೂ ತೆಗೆದಿಡಿ. ಊಟವಾದ ಕೂಡಲೇ ಚಹಾ ಕುಡಿಯುವ ಅಭ್ಯಾಸವನ್ನೂ ಒಂದು ಗಂಟೆ ಮುಂದೂಡಿ. ಚಹಾದ ಟ್ಯಾನಿನ್ ಕಬ್ಬಿಣವನ್ನು ರಕ್ತಕ್ಕೆ ಸೇರಲು ಬಿಡುವುದಿಲ್ಲ. ಊಟದ ಜೊತೆ ಹಿಂಡುವ ನಿಂಬೆಹಣ್ಣು ಇದಕ್ಕೆ ತದ್ವಿರುದ್ಧ, ಅದು ಕಬ್ಬಿಣ ಹೀರಲು ನೆರವಾಗುತ್ತದೆ.

ಕೊಬ್ಬು: ಶತ್ರುವಲ್ಲ, ಆದರೆ ಲೆಕ್ಕ ಇರಲಿ

ಒಂದು ಗ್ರಾಂ ಶರ್ಕರಪಿಷ್ಟ ಅಥವಾ ಪ್ರೋಟೀನಿನಿಂದ 4 ಕಿಲೋಕ್ಯಾಲೊರಿ ಶಕ್ತಿ ಸಿಕ್ಕಿದರೆ, ಒಂದು ಗ್ರಾಂ ಕೊಬ್ಬಿನಿಂದ 9 ಸಿಗುತ್ತದೆ. ಅದಕ್ಕಾಗಿಯೇ ದೇಹ ದೀರ್ಘಕಾಲದ ಉಳಿತಾಯಕ್ಕೆ ಕೊಬ್ಬನ್ನು ಆರಿಸಿಕೊಂಡಿದೆ. ಕೊಬ್ಬು ಬರೀ ಉಳಿತಾಯವಲ್ಲ. ಪ್ರತಿಯೊಂದು ಜೀವಕೋಶದ ಗೋಡೆಯಂತಿರುವ ಪೊರೆ ಎರಡು ಪದರ ಲಿಪಿಡ್‌ನಿಂದಾಗಿದೆ. ಎ, ಡಿ, ಇ, ಕೆ ಜೀವಸತ್ವಗಳು ಕೊಬ್ಬಿನಲ್ಲೇ ಕರಗುತ್ತವೆ. ಎಲ್ಲರೂ ಹೆದರುವ ಕೊಲೆಸ್ಟ್ರಾಲ್ ಕೂಡ ಬೇಕಾದದ್ದೇ, ಅದರ ಹೆಚ್ಚಿನ ಪಾಲನ್ನು ದೇಹವೇ ತಯಾರಿಸುತ್ತದೆ. ಅದರ ಹತ್ತಿರದ ಸಂಬಂಧಿಯಾದ ಒಂದು ಅಣುವಿನಿಂದಲೇ ಚರ್ಮವು ಬಿಸಿಲಿನಲ್ಲಿ ಡಿ ಜೀವಸತ್ವ ತಯಾರಿಸಿಕೊಳ್ಳುತ್ತದೆ. ಹೆಚ್ಚಿನ ಹೊತ್ತು ಮನೆಯೊಳಗೇ ಇರುವ, ಹೊರಗೆ ಮೈ ಪೂರ್ತಿ ಮುಚ್ಚುವ ಉಡುಪು ಧರಿಸುವ ಮಹಿಳೆಯರು ಮನೆಯ ಖಾಸಗಿ ಅಂಗಳದಲ್ಲೋ ತಾರಸಿಯಲ್ಲೋ ಕೈಕಾಲಿಗೆ ಬಿಸಿಲು ಬೀಳುವಂತೆ ಸ್ವಲ್ಪ ಹೊತ್ತು ಕಳೆಯುವುದು ಒಳ್ಳೆಯದು.

ಸಮಸ್ಯೆ ಇರುವುದು ಕೊಬ್ಬಿನ ಬಗೆಯಲ್ಲಿ ಮತ್ತು ಪ್ರಮಾಣದಲ್ಲಿ. ತುಪ್ಪ, ಮಾಂಸದ ಕೊಬ್ಬು ತಣ್ಣಗಾದಾಗ ಹೆಪ್ಪುಗಟ್ಟುತ್ತವೆ. ಇವುಗಳಲ್ಲಿ ಸಂತೃಪ್ತ ಕೊಬ್ಬು ಹೆಚ್ಚು. ಶೇಂಗಾ, ಸೂರ್ಯಕಾಂತಿ ಎಣ್ಣೆ ದ್ರವವಾಗಿಯೇ ಇರುತ್ತವೆ. ಅವುಗಳಲ್ಲಿ ಅಸಂತೃಪ್ತ ಕೊಬ್ಬು ಹೆಚ್ಚು. ಬೂತಾಯಿ, ಬಂಗುಡೆಯಂಥ ಅಗ್ಗದ ಮೀನುಗಳಲ್ಲಿ ಹೃದಯಕ್ಕೆ ಒಳ್ಳೆಯದಾದ ಒಮೆಗಾ-3 ಇದೆ. ಎಲ್ಲಕ್ಕಿಂತ ಕೆಟ್ಟದ್ದು ಟ್ರಾನ್ಸ್ ಕೊಬ್ಬು. ಎಣ್ಣೆಗೆ ಜಲಜನಕ ಹಾಯಿಸಿ ವನಸ್ಪತಿ ಮಾಡುವಾಗ ಅದು ಹುಟ್ಟುತ್ತದೆ. ನಮ್ಮ ದೇಶದಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಇದರ ಮಿತಿಯನ್ನು 2022ರ ಜನವರಿಯಿಂದ ಶೇ. 2ಕ್ಕೆ ಇಳಿಸಲಾಗಿದೆ. ಸಮೋಸಾ ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗಲೂ ಹಾನಿಕರ ವಸ್ತುಗಳು ಹುಟ್ಟುತ್ತವೆ. ಇಫ್ತಾರ್‌ನ ಬಾಣಲೆಯನ್ನು ತಿಂಗಳಿಡೀ ಅದೇ ಎಣ್ಣೆಯಲ್ಲಿ ನಡೆಸಬೇಡಿ.

ಕೊಬ್ಬಿನ ಗುಣ ತಿಳಿದರೆ ಸಾಬೂನಿನ ಮಹತ್ವವೂ ತಿಳಿಯುತ್ತದೆ. ಬಿರಿಯಾನಿ ತಿಂದ ಕೈಯ ಜಿಡ್ಡು ಬರೀ ನೀರಿಗೆ ಹೋಗುವುದಿಲ್ಲ. ಸಾಬೂನಿನ ಅಣುವಿನ ಒಂದು ತುದಿ ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ತುದಿ ನೀರನ್ನು ಹಿಡಿಯುತ್ತದೆ. ಫ್ಲೂ ಮತ್ತು ಕೊರೋನಾ ವೈರಸ್‌ಗಳ ಹೊರಕವಚವೂ ಲಿಪಿಡ್‌ನಿಂದಾದದ್ದು. ಸಾಬೂನು ಆ ಕವಚವನ್ನೇ ಒಡೆಯುತ್ತದೆ. ದಿನಕ್ಕೆ ಐದು ಬಾರಿ ವುಝೂ ಮಾಡುವ ನಾವು ಊಟಕ್ಕೆ ಮೊದಲು, ಶೌಚದ ನಂತರ, ಹಸಿ ಮಾಂಸ ಮುಟ್ಟಿದ ಬಳಿಕ ಸಾಬೂನು ಹಚ್ಚಿ ಕನಿಷ್ಠ 20 ಸೆಕೆಂಡು ಕೈ ಉಜ್ಜುವುದನ್ನೂ ರೂಢಿಸಿಕೊಳ್ಳಬೇಕು.

ನ್ಯೂಕ್ಲಿಯಿಕ್ ಆಮ್ಲ: ಬರೆದಿಟ್ಟ ಆದೇಶ

ಯಾವ ಅಮೈನೋ ಆಮ್ಲದ ನಂತರ ಯಾವುದು ಬರಬೇಕೆಂದು ಜೀವಕೋಶಕ್ಕೆ ಹೇಳುವವರಾರು? ಡಿಎನ್‌ಎ. ತಿರುಚಿದ ಏಣಿಯಂತಿರುವ ಇದರ ರಚನೆ 1953ರಲ್ಲಿ ಬೆಳಕಿಗೆ ಬಂತು. ಎ, ಟಿ, ಜಿ, ಸಿ ಎಂದು ಕರೆಯುವ ನಾಲ್ಕೇ ಅಕ್ಷರಗಳಲ್ಲಿ ಸುಮಾರು 300 ಕೋಟಿ ಅಕ್ಷರಗಳಷ್ಟು ಉದ್ದದ ಬರಹ ಅದರಲ್ಲಿದೆ. ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ ನಮಗೆ ಬರುತ್ತದೆ. ಕಣ್ಣಿಗೆ ಕಾಣದ ಒಂದು ಜೀವಕೋಶದೊಳಗಿನ ಡಿಎನ್‌ಎಯನ್ನು ಬಿಡಿಸಿ ಹಿಡಿದರೆ ಸುಮಾರು ಎರಡು ಮೀಟರ್ ಉದ್ದವಾಗುತ್ತದೆ. ಬೇಕಾದ ಭಾಗವನ್ನು ಆರ್‌ಎನ್‌ಎ ನಕಲು ಮಾಡಿಕೊಂಡು ಹೋಗುತ್ತದೆ, ಮೂರು ಮೂರು ಅಕ್ಷರಗಳಿಗೆ ಒಂದರಂತೆ ಅಮೈನೋ ಆಮ್ಲಗಳು ಜೋಡಣೆಯಾಗುತ್ತವೆ. ಈ ಸಂಕೇತವನ್ನು ಬಿಡಿಸುವಲ್ಲಿ ನೆರವಾದ ಹರಗೋಬಿಂದ್ ಖೊರಾನಾ ಅವಿಭಜಿತ ಪಂಜಾಬಿನ ಹಳ್ಳಿಯೊಂದರಲ್ಲಿ ಹುಟ್ಟಿದವರು. 1968ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಪ್ರಶಸ್ತಿ ಬಂತು.

ಈ ಜ್ಞಾನದ ಒಂದು ಫಲ ನಮ್ಮ ಮನೆಗಳ ಫ್ರಿಜ್ಜಿನಲ್ಲಿದೆ. ಇನ್ಸುಲಿನ್ 51 ಅಮೈನೋ ಆಮ್ಲಗಳ ಪುಟ್ಟ ಪ್ರೋಟೀನ್. ನುಂಗಿದರೆ ಬೇಳೆ, ಮಾಂಸದಂತೆ ಅದೂ ಜೀರ್ಣವಾಗಿಬಿಡುತ್ತದೆ, ಅದಕ್ಕೇ ಚುಚ್ಚಿಕೊಳ್ಳಬೇಕು. ಹಿಂದೆ ಅದನ್ನು ದನ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಿದ್ದರು. ಅನೇಕ ಮುಸ್ಲಿಮ್ ರೋಗಿಗಳಿಗೆ ಅದೊಂದು ಸಂಕಟವಾಗಿತ್ತು. ಮಾನವ ಇನ್ಸುಲಿನ್‌ನ ಡಿಎನ್‌ಎ ಆದೇಶವನ್ನು ಬ್ಯಾಕ್ಟೀರಿಯಾದೊಳಗೆ ಇಟ್ಟು ಅದರಿಂದಲೇ ಇನ್ಸುಲಿನ್ ತಯಾರಿಸುವ ವಿಧಾನ ಬಂದು, 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಅನುಮತಿ ಸಿಕ್ಕಿತು. ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ಹೀಗೆ ಬ್ಯಾಕ್ಟೀರಿಯಾ ಅಥವಾ ಯೀಸ್ಟ್‌ನಿಂದ ತಯಾರಾದ ಇನ್ಸುಲಿನ್. ಹಳೆಯ ಮಾತನ್ನು ನಂಬಿ ಇನ್ಸುಲಿನ್ ಬೇಡವೆನ್ನುವವರು ಮನೆಯಲ್ಲಿದ್ದರೆ ಅವರಿಗೆ ಇದನ್ನು ತಿಳಿಸಿ.

ಯೂರಿಕ್ ಆಸಿಡ್ ಕೂಡ ಇಲ್ಲಿಯದೇ ಕಥೆ. ಡಿಎನ್‌ಎ, ಆರ್‌ಎನ್‌ಎಗಳಲ್ಲಿರುವ ಪ್ಯೂರಿನ್ ಎಂಬ ಭಾಗ ಒಡೆದಾಗ ಯೂರಿಕ್ ಆಮ್ಲ ಉಳಿಯುತ್ತದೆ. ಜೀವಕೋಶಗಳು ದಟ್ಟವಾಗಿರುವ ಲಿವರ್, ಕಿಡ್ನಿಯಂಥ ಮಾಂಸದಲ್ಲಿ ಪ್ಯೂರಿನ್ ಹೆಚ್ಚು. ಬೂತಾಯಿಯಲ್ಲೂ ಇದು ಹೆಚ್ಚಿರುವುದರಿಂದ ಯೂರಿಕ್ ಆಮ್ಲದ ತೊಂದರೆ ಇರುವವರು ಮಿತಿಯಲ್ಲಿ ತಿನ್ನಬೇಕು. ಹೊರಹೋಗದ ಯೂರಿಕ್ ಆಮ್ಲ ಕೀಲುಗಳಲ್ಲಿ ಹರಳಾಗಿ ಚುಚ್ಚುತ್ತದೆ. ಸಕ್ಕರೆ ಬೆರೆಸಿದ ತಂಪು ಪಾನೀಯಗಳೂ ಅದನ್ನು ಏರಿಸುತ್ತವೆ ಎಂಬುದು ಹಲವರಿಗೆ ಗೊತ್ತಿಲ್ಲ.

ವಧೂವರರ ಮಾತು

ಈಗ ಆ ನಾಲ್ಕನೆಯ ಸಂಗತಿಗೆ ಬರೋಣ. ಹಿಮೋಗ್ಲೋಬಿನ್ 574 ಅಮೈನೋ ಆಮ್ಲಗಳ ನಾಲ್ಕು ಸರಗಳ ಪ್ರೋಟೀನ್. ಅದರ ಬೀಟಾ ಸರದ ಆರನೆಯ ಮಣಿಯನ್ನು ಸೂಚಿಸುವ ಡಿಎನ್‌ಎಯಲ್ಲಿ ಒಂದೇ ಒಂದು ಅಕ್ಷರ ಬದಲಾದರೆ ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುತ್ತದೆ. ಅದೇ ಸಿಕಲ್ ಸೆಲ್ ಕಾಯಿಲೆ. ಬೀಟಾ ಸರವೇ ಸರಿಯಾಗಿ ತಯಾರಾಗದಿದ್ದರೆ ಅದು ಥಲಸ್ಸೀಮಿಯಾ. ತೀವ್ರ ಥಲಸ್ಸೀಮಿಯಾ ಇರುವ ಮಗುವಿಗೆ ಮೂರು ನಾಲ್ಕು ವಾರಕ್ಕೊಮ್ಮೆ ರಕ್ತ ಕೊಡಿಸಬೇಕು. ಹಾಗೆ ಕೊಟ್ಟ ರಕ್ತದಿಂದ ದೇಹದಲ್ಲಿ ಶೇಖರವಾಗುವ ಕಬ್ಬಿಣವನ್ನು ತೆಗೆಯಲು ಬೇರೆ ಔಷಧಿ ಬೇಕು. ಇದು ಜೀವನಪರ್ಯಂತದ ಹೋರಾಟ. ಹೊಂದುವ ಅಸ್ಥಿಮಜ್ಜೆ ಸಿಕ್ಕರೆ ಕಸಿ ಮಾಡಿ ಗುಣಪಡಿಸಬಹುದು, ಆದರೆ ಆ ಅವಕಾಶ ಎಲ್ಲರಿಗೂ ಸಿಗುವುದಿಲ್ಲ.

ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ದೋಷವಿರುವವರು ವಾಹಕರು. ಅವರು ಆರೋಗ್ಯವಾಗಿಯೇ ಇರುತ್ತಾರೆ. ಹೆಚ್ಚೆಂದರೆ ಸ್ವಲ್ಪ ರಕ್ತಹೀನತೆ ಕಾಣಬಹುದು. ಅದನ್ನು ಕಬ್ಬಿಣದ ಕೊರತೆಯೆಂದು ತಪ್ಪು ತಿಳಿಯುವುದೂ ಉಂಟು. ಆದರೆ ಗಂಡ ಹೆಂಡತಿ ಇಬ್ಬರೂ ವಾಹಕರಾಗಿದ್ದರೆ ಪ್ರತಿ ಗರ್ಭದಲ್ಲೂ ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ನಾಲ್ಕರಲ್ಲೊಂದು. ಮೊದಲ ಮಗುವಿಗೆ ಬಂತೆಂದು ಎರಡನೆಯದಕ್ಕೆ ಬರುವುದಿಲ್ಲ ಎಂದಲ್ಲ.

ಅಣ್ಣ ತಂಗಿಯರ, ಅಕ್ಕ ತಂಗಿಯರ ಮಕ್ಕಳು ತಮ್ಮ ವಂಶವಾಹಿಗಳಲ್ಲಿ ಸರಾಸರಿ ಎಂಟನೆಯ ಒಂದು ಭಾಗವನ್ನು ಹಂಚಿಕೊಂಡಿರುತ್ತಾರೆ. ಆದ್ದರಿಂದ ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಇಬ್ಬರಲ್ಲೂ ಒಂದೇ ದೋಷ ಇರುವ ಸಾಧ್ಯತೆ ಹೆಚ್ಚುತ್ತದೆ. ಇಂಥ ಮದುವೆಗಳಿಗೆ ಇಸ್ಲಾಮಿನಲ್ಲಿ ಅನುಮತಿ ಇದೆ, ಆದರೆ ಕಡ್ಡಾಯವೇನೂ ಇಲ್ಲ. ದಕ್ಷಿಣ ಭಾರತದ ಇತರ ಅನೇಕ ಸಮುದಾಯಗಳಲ್ಲೂ ಸಂಬಂಧದೊಳಗಿನ ಮದುವೆ ರೂಢಿಯಲ್ಲಿದೆ. ಹೆಚ್ಚಿನ ದಂಪತಿಗಳ ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಸಂಬಂಧವಿಲ್ಲದವರ ನಡುವೆಯೂ ಇಬ್ಬರು ವಾಹಕರು ಸೇರಬಹುದು. ಹಾಗಾಗಿ ಯಾರನ್ನೂ ದೂಷಿಸುವ ಪ್ರಶ್ನೆ ಇಲ್ಲ, ಪರೀಕ್ಷೆ ಮಾಡಿಸಿಕೊಳ್ಳಬೇಕು ಅಷ್ಟೆ.

ಪರೀಕ್ಷೆ ಸರಳ. ಸಾಮಾನ್ಯ ರಕ್ತ ಪರೀಕ್ಷೆಯ ಜೊತೆ ಹಿಮೋಗ್ಲೋಬಿನ್ ಎ2 ಪ್ರಮಾಣ ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ. ಜೀವನದಲ್ಲಿ ಸಾಮಾನ್ಯವಾಗಿ ಒಮ್ಮೆ ಮಾಡಿಸಿದರೆ ಸಾಕು. ಇರಾನಿನಲ್ಲಿ 1997ರಿಂದ ಮದುವೆಗೆ ಮೊದಲು ಥಲಸ್ಸೀಮಿಯಾ ಪರೀಕ್ಷೆ ಕಡ್ಡಾಯ. ಸೌದಿ ಅರೇಬಿಯಾದಲ್ಲಿ 2004ರಿಂದ ಸಿಕಲ್ ಸೆಲ್ ಮತ್ತು ಥಲಸ್ಸೀಮಿಯಾ ಎರಡರ ಪರೀಕ್ಷೆಯೂ ಕಡ್ಡಾಯವಾಗಿದೆ. ಹೆಣ್ಣು ನೋಡುವ ಮೊದಲೇ, ಮಾತುಕತೆ ನಿಶ್ಚಯವಾಗುವ ಮೊದಲೇ ಮಾಡಿಸಿದರೆ ಯಾರ ಮನಸ್ಸೂ ನೋಯುವುದಿಲ್ಲ. ಹುಡುಗಿಯ ರಕ್ತ ಮಾತ್ರ ಪರೀಕ್ಷಿಸಿ ಹುಡುಗನನ್ನು ಬಿಡುವುದು ಅನ್ಯಾಯ, ವ್ಯರ್ಥವೂ ಹೌದು. ವಾಹಕಿಯೆಂದು ತಿಳಿದ ಹುಡುಗಿ ರೋಗಿಯಲ್ಲ. ವಾಹಕನಲ್ಲದ ವರನೊಂದಿಗೆ ಆಕೆಯ ಮದುವೆಯಾದರೆ ಮಕ್ಕಳಿಗೆ ತೀವ್ರ ಕಾಯಿಲೆಯ ಭಯವಿಲ್ಲ.

ಮಂಟಪ, ಉಡುಪು, ಬಿರಿಯಾನಿಯ ಮಸಾಲೆಯ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸುವ ನಾವು ಈ ಒಂದು ರಕ್ತ ಪರೀಕ್ಷೆಗೂ ಒಂದು ಬೆಳಗ್ಗೆಯನ್ನು ಮೀಸಲಿಡೋಣ. ಮಸೀದಿಯ ಆಡಳಿತ ಸಮಿತಿಗಳು ನಿಕಾಹ್ ನೋಂದಣಿಯ ವೇಳೆ ಇದನ್ನು ನೆನಪಿಸಿದರೆ ಎಷ್ಟೋ ಮನೆಗಳ ಕಣ್ಣೀರು ತಪ್ಪೀತು. ದೇಹ ನಮಗೆ ಒಪ್ಪಿಸಲಾದ ಅಮಾನತ್. ಅದನ್ನು ಅರಿತು ಕಾಪಾಡುವ ತೌಫೀಕನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ.